ಒಂದು ಬೇಲೂ ವಾಪಸ್ ಬರಲಿಲ್ಲ

ನಮ್ಮ ಮೊಮ್ಮಗಳು ರಮ್ಯಾ ಕಟ್ಟಿಸಿದ ಹನ್ನೊಂದು ಬೇಲ್‌ಗಳೂ ಇವತ್ತು ಹರಾಜಿನಲ್ಲಿ ಹೋದವು! ಹನ್ನೊಂದಕ್ಕೆ ಹನ್ನೊಂದು! ಬೇಲ್ ಅಂದರೆ ಬೇರೇನಲ್ಲ, ಗೋಣಿತಾಟಿನಲ್ಲಿ ಬಿಗಿದ ಹೊಗೆಸೊಪ್ಪಿನ ಹೊರೆ. ಹರಾಜು ಕಟ್ಟೆಯಿಂದ ಮಗ ಫೋನ್ ಮಾಡಿದ್ದೇ ತಡ, ಹಂಗಳದ ಬಸ್‌ಸ್ಟಾಪಿಗೆ ಹೋಗಿ ಕೂತು ಕಂಡಕಂಡವರಿಗೆಲ್ಲ ಹೇಳಿದೆ. ಊಟಿಗೆ ಹೊರಟ ಕಾರಿನವರು ಗಾಜು ಇಳಿಸಿ, ಬಂಡೀಪುರ ಎಷ್ಟು ದೂರ ಅಂದರು. ಅವರಿಗೂ ಹೇಳಿದೆ. ದೂರ ಹೇಳುವುದು ಮರೆತೇಹೋಯಿತು, ಪಾಪ.

ಇದರಲ್ಲೇನು ದೊಡ್ಡದು ಅಂತೀರಾ? ನಮ್ಮನೆ ಹೊರೆ ವಾಪಸ್ ಬರದ ವರ್ಷವೇ ಇರಲಿಲ್ಲ. ಅದಕ್ಕೇ ಮಗ ಈ ಸಲ ತನ್ನ ಮಗಳಿಗೆ ಖಡಾಖಂಡಿತ ಹೇಳಿದ್ದ: "ನೋಡಮ್ಮಿ, ಬಣ್ಣ ನೋಡಿ ಸೊಪ್ಪು ಬ್ಯಾರೆ ಮಾಡೋದು ನಿಂಗೇ ಬುಟ್ಟಿವ್ನಿ. ಒಂದ್ ಬೇಲ್ ವಾಪಸ್ ಬಂದ್ರೂ ಒಗೆಸೊಪ್ಪೇ ಬ್ಯಾಡ, ಬಾಳೆ ಆಕ್‌ಬುಡ್ತೀನಿ."

ಹೊರೆ ವಾಪಸ್ ಬರಿಸುವ ವಿದ್ಯೆ ಮನೆಗೆ ತಂದವನು ನಾನೇ. ಹೊಳೆಯುವ ಹಳದಿ ಸೊಪ್ಪು ಮೇಲೆ, ಕರಿ ಸೊಪ್ಪು ಹೊಟ್ಟೆಯೊಳಗೆ. ಕೊಳ್ಳುವವರು ಕೈ ಹಾಕಿದರೆ ಬಣ್ಣ ಬಯಲು. ಒಂದು ವರ್ಷ ಹಾಗೇ ಕಟ್ಟಿಟ್ಟು ಸ್ನಾನಕ್ಕೆ ಹೋದೆ. ನನ್ನ ಹೆಂಡತಿ ನೋಡಿದಳು. ಒಳ್ಳೆಯ ಸೀರೆಯನ್ನು ಪೆಟ್ಟಿಗೆಯ ತಳದಲ್ಲಿಡುವ ಹೆಂಗಸು ಅವಳು. ಲಾರಿಯ ಧೂಳು ಹತ್ತೀತು ಅಂತ ಹೊರೆ ಬಿಚ್ಚಿ, ಹಳದಿಯನ್ನು ಒಳಗಿಟ್ಟು, ಕರಿಯದನ್ನು ಮೇಲೆ ಹೊದಿಸಿ ಕಟ್ಟಿಬಿಟ್ಟಳು. ನನಗೆ ತಿಳಿದದ್ದು ಹರಾಜಿನ ಸಾಲಿನಲ್ಲಿ. ಕೊಳ್ಳುವವರು ನೋಡೀ ನೋಡದಂತೆ ಮುಂದೆ ಹೋದರು.

"ಸ್ವಾಮಿ, ಒಸಿ ಒಳೀಕೆ ಕೈ ಆಕಿ ನೋಡಿ!" ಅಂತ ಹಿಂದೆ ಓಡಿದೆ.

"ಎಲ್ಲಾರೂ ಕೈ ಹಾಕಬೇಡಿ ಅಂತಾರೆ. ಹಾಕಿ ಅನ್ನೋರು ನೀವೊಬ್ಬರೇ ಯಜಮಾನ್ರೇ!" ಅಂದ ಒಬ್ಬ. ಕೈ ಹಾಕಿ ಬಂಗಾರದಂಥ ಎಲೆ ಎಳೆದ. ಸಾಲಿಗೆ ಸಾಲೇ ನಕ್ಕಿತು. ಒಳ್ಳೇದು ಒಳಗಿದ್ದರೂ ಬೆರಕೆ ಬೆರಕೆಯೇ, ಹೊರೆ ನನ್ನ ಜೊತೆ ಮನೆಗೆ ಬಂತು.

"ಒಳ್ಳೇದ್ನ ಒಳಗಿಟ್ರೆ ತಪ್ಪಾ?" ಅಂದಳು ಹೆಂಡತಿ.

ಬುದ್ಧಿ ಬಂತು ಅಂದುಕೊಂಡಿರಾ? ಹೋದ ವಾರ ಕರಿ ಸೊಪ್ಪಿನದೊಂದು ಕಟ್ಟು ಕಂಕುಳಲ್ಲಿಟ್ಟು ಮೆಲ್ಲಗೆ ಕೊಟ್ಟಿಗೆಗೆ ನುಗ್ಗಿದೆ.

"ಏನ್ ತಾತ ಅದು?" ಅಂದಳು ರಮ್ಯಾ, ತಲೆ ಎತ್ತದೆ.

"ಒಂದ್ ಹಿಡಿ ಕಣಮ್ಮಿ. ಯಾರ್ಗ್ ಗೊತ್ತಾದದು?"

"ಸಾಲಿಗೆ ಸಾಲೇ ನಕ್ಕಿದ್ದು ಸಾಕಾಗ್ನಿಲ್ವಾ? ಕೂತ್ಕೊ. ಕರೀದೆಲ್ಲ ಆರಿಸಿ ಒಂದೇ ಬೇಲ್ ಕಟ್ಟು. ಅದ್ಕೂ ಗಿರಾಕಿ ಅವ್ರೆ."

ಕರಿಯದನ್ನು ಕರಿಯದು ಅಂತಲೇ ಹೇಳಿ ಮಾರುವುದುಂಟೆ? ಗೊಣಗುತ್ತಲೇ ಕಟ್ಟಿದೆ. ಹೊಗೆಸೊಪ್ಪು ಬಿಡಬಾರದು ಅನ್ನುವ ಇವಳ ಆಸೆಗೆ ನನ್ನ ಹೊರೆಯೇ ಕಲ್ಲು ಹಾಕುತ್ತದೆ ಅಂತ ಇವತ್ತು ಬೆಳಿಗ್ಗೆ ತಿಂಡಿಯೂ ಸೇರಲಿಲ್ಲ. ಹೋಯಿತಲ್ಲ, ಅದೂ ಹೋಯಿತು! ಕಮ್ಮಿ ರೇಟಿಗೇ ಇರಲಿ, ನಾನು ಕಟ್ಟಿದ ಹೊರೆ ಯಾರೂ ನಗದೆ ಹೋದದ್ದು ಇದೇ ಮೊದಲು.

ಸಂಜೆ ಎಲ್ಲರೂ ಒಟ್ಟಿಗೇ ಊಟಕ್ಕೆ ಕೂತೆವು. ಮುದ್ದೆ, ನಾಟಿಕೋಳಿ ಸಾರು. ಮಗ ತಟ್ಟೆ ನೋಡುತ್ತಲೇ ಕೇಳಿದ: "ಅಮ್ಮಿ, ಮುಂದಿನ್ ಸಲಕ್ಕೆ ಒಗೆಸೊಪ್ಪಿನ್ ಸಸಿ ಎಷ್ಟ್ ಆಕನ?"

ಎಲ್ಲರ ಕೈಯೂ ನಿಂತಿತು. ಅವನು ನನ್ನನ್ನೇ ಒಂದು ದಿನವೂ ಹಾಗೆ ಕೇಳಿದವನಲ್ಲ.

ರಮ್ಯಾ ಮೂಳೆ ಚೀಪುತ್ತಾ, "ಉಣ್ಣಪ್ಪ ಮೊದ್ಲು, ಯೇಳ್ತೀನಿ" ಅಂದಳು.

ಮಗ ತಲೆ ತಗ್ಗಿಸಿ ಮುದ್ದೆ ಮುರಿದ. ನಾವೂ ಮುರಿದೆವು.