ಒಂದು ಮನೆ, ಮೂರು ಆಮೆ

ನಮ್ಮ ಮನೆಯ ಹಿತ್ತಲಲ್ಲಿ ಬಿಸಿಲು ಯಾವ ಹೊತ್ತಿಗೆ ಎಲ್ಲಿ ಬೀಳುತ್ತದೆಂಬುದು, ಅದೇ ಮನೆಯಲ್ಲಿ ಹುಟ್ಟಿ, ಬೆಳೆದು, ಕೂದಲು ನರೆಸಿಕೊಂಡ ನನಗೆ ಮೊನ್ನೆ ಮೊನ್ನೆಯವರೆಗೂ ಗೊತ್ತಿರಲಿಲ್ಲ. ಸೂರ್ಯ ಪೂರ್ವದಲ್ಲಿ ಉದಯಿಸುತ್ತಾನೆಂಬ ಸ್ಥೂಲಜ್ಞಾನವೊಂದರಿಂದಲೇ ಇಷ್ಟು ವರ್ಷ ಸಂಸಾರವನ್ನೂ ರಾಣೇಬೆನ್ನೂರಿನ ಬೀಜದ ಅಂಗಡಿಯನ್ನೂ ತೂಗಿಸಿಕೊಂಡು ಬಂದಿದ್ದೆ. ಈಗ ಕೇಳಿ, ಹೇಳುತ್ತೇನೆ. ಬೆಳಗಿನ ಚಹಾ ಮುಗಿಯುವ ಹೊತ್ತಿಗೆ ಒಗೆಯುವ ಕಲ್ಲಿನ ಬಲಕ್ಕೆ, ನಾನು ಅಂಗಡಿಗೆ ಹೊರಡುವಾಗ ಬಾವಿಕಟ್ಟೆಯ ಮಗ್ಗುಲಿಗೆ, ಊಟಕ್ಕೆ ಮರಳುವಾಗ ಕರಿಬೇವಿನ ಗಿಡದ ಬುಡಕ್ಕೆ. ಈ ಖಗೋಳವಿದ್ಯೆ ನನಗೆ ಪ್ರಾಪ್ತವಾದದ್ದು ಯಾವ ಗುರುಮುಖದಿಂದಲೂ ಅಲ್ಲ, ಒಂದು ಆಮೆಯಿಂದ. ಬಿಸಿಲು ಸರಿದಂತೆಲ್ಲ ಅದರ ನೀರಿನ ಟಬ್ಬನ್ನು ಸರಿಸುವ ಕೈಂಕರ್ಯ ನನ್ನ ಪಾಲಿಗೆ ಬಂದಿದೆ.

ಒಂದು ಆಮೆ ಎಂದೆನೇ? ನಮ್ಮಲ್ಲಿರುವುದು ಮೂರು, ಮೂರೂ ಬೇರೆ ಬೇರೆ ಬಗೆಯವು. ಮೊದಲನೆಯದು ಬಾವಿಯಲ್ಲಿದೆ. ನಾನು ಹೈಸ್ಕೂಲಿನಲ್ಲಿದ್ದಾಗ ನನ್ನ ತಂದೆ ಐರಣಿಯ ಹೊಳೆದಂಡೆಯಲ್ಲಿ ಸಿಕ್ಕಿತೆಂದು ಕೈಚೀಲದಲ್ಲಿ ಹಾಕಿಕೊಂಡು ತಂದು ಬಿಟ್ಟದ್ದು. ಆ ಕಾಲದಲ್ಲಿ ಬಾವಿಯಿದ್ದವರೆಲ್ಲ ನೀರಿನ ಹುಳ ತಿನ್ನಲೆಂದು ಹೀಗೆ ಒಂದು ಆಮೆ ಬಿಡುತ್ತಿದ್ದರು. ಹಾಗೆ ತರುವುದು ಕಾಯ್ದೆಗೆ ವಿರುದ್ಧವೆಂದು ನನ್ನ ಮಗ ವಿನಾಯಕ ಹೇಳುತ್ತಾನೆ. ಅವನ ಅಜ್ಜನಿಗೆ ಕಾಯ್ದೆ ತಿಳಿದಿರಲಿಲ್ಲ, ಆಮೆಯೂ ತಿಳಿಸಲಿಲ್ಲ. ಮೆತ್ತನೆಯ ಅಂಚಿನ ಬೆನ್ನು, ಚೂಪು ಮೂಗು, ಅತಿಯಾದ ಸಂಕೋಚ. ಮನೆಯವರೆಲ್ಲ ಅದನ್ನು ‘ಅಜ್ಜ’ ಎನ್ನುತ್ತೇವೆ. ನನ್ನ ಹೆಂಡತಿ ಗಿರಿಜಾ ಮದುವಣಗಿತ್ತಿಯಾಗಿ ಬಂದು ಬಾವಿಯ ಪೂಜೆ ಮಾಡುವಾಗ ಅಜ್ಜ ಮೇಲೆ ಬಂದು ಮುಖ ತೋರಿಸಿದನಂತೆ. ಅಂದಿನಿಂದ ದಿನವೂ ಮೊದಲ ರೊಟ್ಟಿಯ ಚೂರು ಅಜ್ಜನಿಗೆ, ಉಳಿದದ್ದು ನನಗೆ.

ಎರಡನೆಯದು ಹಿತ್ತಾಳೆಯದು. ಟೀವಿಯ ಜ್ಯೋತಿಷಿಯೊಬ್ಬರ ಅಪ್ಪಣೆಯಂತೆ ಒಳಕೋಣೆಯಲ್ಲಿ, ಗಾಜಿನ ಬಟ್ಟಲ ನೀರಿನಲ್ಲಿ, ಉತ್ತರಾಭಿಮುಖವಾಗಿ ವಿರಾಜಮಾನವಾಗಿದೆ. ಜೀವಂತ ಆಮೆ ಮನೆ ಹೊಕ್ಕರೆ ಆಗಿಬರುವುದಿಲ್ಲ, ಲೋಹದ್ದು ಹೊಕ್ಕರೆ ಐಶ್ವರ್ಯ ಎಂದು ಒಂದೇ ಉಸಿರಿನಲ್ಲಿ ಹೇಳುವ ಆ ಪಂಡಿತರ ತರ್ಕ ನನ್ನ ಅಲ್ಪಮತಿಗೆ ನಿಲುಕಿಲ್ಲ. ಆದರೂ ಸಾಕುವವರ ದೃಷ್ಟಿಯಿಂದ ನೋಡಿದರೆ ಮೂರರಲ್ಲಿ ಇದೇ ಶ್ರೇಷ್ಠ. ತಿನ್ನುವುದಿಲ್ಲ, ಗಲೀಜು ಮಾಡುವುದಿಲ್ಲ, ಇಟ್ಟಲ್ಲಿ ಇರುತ್ತದೆ. ಈ ಗುಣಗಳನ್ನು ಹೊಗಳುವಾಗಲೆಲ್ಲ ಗಿರಿಜಾ ನನ್ನ ಕಡೆ ಏಕೆ ನೋಡುತ್ತಾಳೋ ತಿಳಿಯದು.

ಮೂರನೆಯದರ ಆಗಮನಕ್ಕೆ ಪೂರ್ವಕಥೆಯೊಂದುಂಟು. ವಿನಾಯಕನಿಗೆ ಹೆಣ್ಣು ನೋಡಲು ಬ್ಯಾಡಗಿಗೆ ಹೋಗಿದ್ದೆವು. ಹುಡುಗಿಯ ತಂದೆ ಮೆಣಸಿನಕಾಯಿ ವ್ಯಾಪಾರಿ, ಸುಗ್ಗಿಯ ಕಾಲ, ಮನೆಯ ಮಗ್ಗುಲಲ್ಲೇ ಚೀಲಗಳ ಗೋದಾಮು. ಹೊಸ್ತಿಲು ದಾಟುವ ಮೊದಲೇ ನಾನು ಸೀನತೊಡಗಿದೆ. ಶುಭಕಾರ್ಯದಲ್ಲಿ ಸೀನಿದರೆ ಅಪಶಕುನವೆಂಬ ಶಾಸ್ತ್ರ ಬ್ಯಾಡಗಿಯಲ್ಲಿ ಮಾತ್ರ ನಡೆಯುವುದಿಲ್ಲ. ನಡೆದಿದ್ದರೆ ಆ ಊರಲ್ಲಿ ಈವರೆಗೆ ಒಂದು ಲಗ್ನವೂ ಆಗುತ್ತಿರಲಿಲ್ಲ. ಉಪ್ಪಿಟ್ಟು, ಚಹಾ, ಮನೆತನದ ವಿಚಾರ ಎಲ್ಲ ಮುಗಿದ ಮೇಲೆ ಗಿರಿಜಾ ಔದಾರ್ಯದಿಂದ, ‘ನೀನೂ ಏನರೆ ಕೇಳೂದಿದ್ರ ಕೇಳವಾ’ ಎಂದಳು. ಅಲ್ಲಿಯತನಕ ನೆಲ ನೋಡುತ್ತಿದ್ದ ಹುಡುಗಿ, ಪಲ್ಲವಿ, ತಲೆಯೆತ್ತಿ ಕೇಳಿದಳು:

‘ನಿಮ್ಮ ಮನ್ಯಾಗ ಬಿಸಲ ಚಲೋ ಬೀಳತೈತೇನ್ರಿ?’

ಹೊಲವೆಷ್ಟು, ಅಂಗಡಿ ಹೇಗೆ, ಹುಡುಗನಿಗೆ ಚಟಗಳಿವೆಯೇ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಬಾಯಿಪಾಠ ಮಾಡಿಕೊಂಡು ಹೋಗಿದ್ದ ನನಗೆ ಇದು ಪಠ್ಯದ ಹೊರಗಿನ ಪ್ರಶ್ನೆಯಾಯಿತು. ಎರಡು ಸೀನುಗಳ ನಡುವೆ, ‘ದಂಡಿ ಬೀಳತೈತವಾ’ ಎಂದೆ. ‘ಹಂಗಾರ ನನ್ನ ಆಮಿ ತರತೇನ್ರಿ’ ಎಂದಳು. ಅವಳ ತಂದೆ ನಾಚಿಕೆಯಿಂದ, ‘ಕಾಲೇಜಿಗೆ ಹೋಗಾಕತ್ತಾಗಿಂದ ಅದೊಂದು ಹುಚ್ಚು ನೋಡ್ರಿ’ ಎಂದರು. ವಿನಾಯಕ ನಗುತ್ತಿದ್ದ. ಸಂಬಂಧ ಕೂಡಿಬಂದದ್ದು ಆ ನಗೆಯಲ್ಲೇ ಎಂದು ನನ್ನ ಊಹೆ.

ಹೀಗೆ ಬೇಸಗೆಯಲ್ಲಿ ಮದುವೆಯಾಗಿ, ಪಲ್ಲವಿಯ ಸೀರೆಯ ಪೆಟ್ಟಿಗೆಗಳ ಜೊತೆಗೆ ನಮ್ಮ ಮನೆ ತುಂಬಿದವಳು ಪೇಡೆ ಎಂಬ ಆ ಆಮೆ. ಅಂಗಡಿಯಿಂದ ಕೊಂಡಾಗ ಪೇಡೆಯಷ್ಟೇ ಇತ್ತಂತೆ; ಈಗ ಜೋಳದ ರೊಟ್ಟಿಯಷ್ಟಾಗಿದೆ, ಹೆಸರು ಮಾತ್ರ ಬದಲಾಗಿಲ್ಲ. ಕಣ್ಣಿನ ಹಿಂದೆ ಬ್ಯಾಡಗಿ ಮೆಣಸಿನಕಾಯಿಯ ಬಣ್ಣದ್ದೇ ಒಂದು ಕೆಂಪು ಪಟ್ಟೆ. ತವರಿನ ಗುರುತೆಂದು ನಾನು ತಿಳಿದಿದ್ದೆ. ಅದರ ಮೂಲ ಸಮುದ್ರದಾಚೆಯ ಯಾವುದೋ ದೇಶವೆಂದು ಪಲ್ಲವಿ ತಿದ್ದಿದಳು. ಅಜ್ಜನಿಗೆ ಸಂಕೋಚವೆಷ್ಟೋ ಇದಕ್ಕೆ ಅಷ್ಟೇ ಧಾರ್ಷ್ಟ್ಯ. ಕಲ್ಲೇರಿ, ಕಾಲು ಚಾಚಿ, ಕತ್ತೆತ್ತಿ ಬಿಸಿಲು ಕಾಯಿಸಿಕೊಳ್ಳುತ್ತದೆ. ಹತ್ತಿರ ಹೋದರೆ ಉಣ್ಣಲು ಏನು ತಂದೆ ಎಂಬಂತೆ ನೋಡುತ್ತದೆ.

ಗಿರಿಜಾ ಅದನ್ನು ಪ್ರೀತಿಯಿಂದಲೇ ಬರಮಾಡಿಕೊಂಡಳು. ಸಮಸ್ಯೆ ಹುಟ್ಟಿದ್ದೇ ಆ ಪ್ರೀತಿಯಿಂದ. ಬಾವಿಯಲ್ಲೊಂದು ಒಂಟಿ ಜೀವ, ಟಬ್ಬಿನಲ್ಲೊಂದು ಒಂಟಿ ಜೀವ, ನಡುವೆ ನಾಲ್ಕು ಮಾರು ಅಂತರ. ‘ಪಾಪ, ಅಜ್ಜನ ಜೋಡಿ ಬಾವ್ಯಾಗ ಬಿಡೂಣವಾ. ಎರಡೂ ಕೂಡಿ ಇರತಾವ’ ಎಂದಳು. ಪಲ್ಲವಿ ಗಾಬರಿಯಿಂದ, ‘ಬ್ಯಾಡ್ರಿ ಅತ್ತಿ. ಇವು ಬ್ಯಾರೆ ಬ್ಯಾರೆ ನಮೂನೀವು. ಒಂದಕ ಬಿಟ್ರ ಕಡದಾಡ್ತಾವ. ಇದರ ರೋಗ ಅದಕ್ಕ, ಅದರದ್ದು ಇದಕ್ಕ ಹತ್ತತೈತ್ರಿ’ ಎಂದಳು.

ಮಾತು ಸತ್ಯವೇ. ಆದರೆ ಅದರ ಕೊನೆಯ ತುಂಡು ಗಿರಿಜಾಳ ಎದೆಗೆ ನಾಟಿತು. ಆ ರಾತ್ರಿಯ ಊಟದಲ್ಲಿ, ಪಲ್ಲವಿ ಪಕ್ಕದಲ್ಲೇ ಬಡಿಸುತ್ತಿರುವಾಗ, ನನ್ನನ್ನು ಉದ್ದೇಶಿಸಿ, ‘ಈ ಬಾವಿ ನೀರ ಕುಡದ ಮೂರು ತಲಿ ಬದುಕೇತಿ. ಈಗ ನೋಡ್ರಿ, ಇದರಾಗ ರೋಗ ಐತಂತ’ ಎಂದಳು. ನಮ್ಮ ಮನೆಗಳಲ್ಲಿ ಅತ್ತೆಯಿಂದ ಸೊಸೆಗೆ ಹೋಗಬೇಕಾದ ಮಾತುಗಳಿಗೆ ಗಂಡನೇ ಅಂಚೆಪೆಟ್ಟಿಗೆಯೆಂಬುದು ನಿಮಗೂ ತಿಳಿದ ವಿಷಯ. ನಾನು ಬಾಯ್ತೆರೆದೆ. ಬೀಜೋತ್ಪಾದನೆ ಮಾಡುವ ರೈತರಿಗೆ ದಿನಬೆಳಗಾದರೆ ನಾನು ಉಪದೇಶಿಸುವುದೇ ಅಂತರದ ಮಹತ್ವವನ್ನು: ಒಂದು ತಳಿಗೂ ಇನ್ನೊಂದಕ್ಕೂ ನಡುವೆ ಜಾಗ ಬಿಡದಿದ್ದರೆ ಎರಡೂ ಕೆಡುತ್ತವೆಂದು. ಅದನ್ನೇ ಉದಾಹರಣೆ ಸಹಿತ ವಿವರಿಸಹೊರಟಾಗ ಗಿರಿಜಾ, ‘ಇದು ಹತ್ತಿ ಬೀಜ ಅಲ್ಲ. ಸುಮ್ನ ಉಣ್ರಿ’ ಎಂದಳು. ಉಂಡೆ.

ಅಲ್ಲಿಂದ ಮುಂದೆ ಮನೆಯಲ್ಲಿ ಜಗಳವೇನೂ ಆಗಲಿಲ್ಲ, ಆಗಿದ್ದರೆ ಒಳ್ಳೆಯದಿತ್ತು. ಮಾತು ಕಡಿಮೆಯಾಯಿತು. ಒಂದು ದಿನ ಟಬ್ಬಿನ ನೀರು ತೊಳೆದ ಪಾತ್ರೆಗಳ ಮೇಲೆ ಸಿಡಿದದ್ದೇ ನೆಪವಾಗಿ ಗಿರಿಜಾ, ‘ಐರಣಿಗೆ ಹೋಗಿ ಹೊಳಿಗೆ ಬಿಟ್ಟ ಬರ್ರಿ ಇದನ್ನ’ ಎಂದು ಅಂಚೆಪೆಟ್ಟಿಗೆಗೆ ಇನ್ನೊಂದು ಪತ್ರ ಹಾಕಿದಳು. ಪಲ್ಲವಿ ಮೆಲ್ಲಗೆ ಅಂದಳು: ‘ಹೊಳ್ಯಾಗ ಬಿಟ್ರ ಹೊಳಿ ಆಮಿಗೋಳ ಕೂಳ ಇದ ತಿಂದು ಬಿಡತೈತ್ರಿ. ನಿಮಗ ತ್ರಾಸ ಆಗೂದಿದ್ರ ನಾ ನಮ್ಮ ಮನಿಗೆ ಒಯ್ತೇನಿ.’ ಅಷ್ಟು ದಿನ ಅವಳ ಬಾಯಲ್ಲಿ ನಮ್ಮ ಮನಿ ಎಂದರೆ ಈ ಮನೆಯಾಗಿತ್ತು. ಅಂದು ಅದು ಬ್ಯಾಡಗಿಗೆ ಮರಳಿತು. ಗಿರಿಜಾಳಿಗೂ ಅದು ಕೇಳಿಸಿತು; ಅವಳ ಕೈಯ ರೊಟ್ಟಿ ಹಂಚಿನ ಮೇಲೆ ಕಪ್ಪಾಗಿದ್ದನ್ನು ಕಂಡೆ.

ಅಷ್ಟರಲ್ಲಿ ಆಷಾಢ ಬಂತು. ಲಗ್ನವಾದ ಮೊದಲ ಆಷಾಢದಲ್ಲಿ ಅತ್ತೆ-ಸೊಸೆ ಒಂದೇ ಹೊಸ್ತಿಲು ದಾಟಬಾರದೆಂದು ಸೊಸೆಯನ್ನು ತವರಿಗೆ ಕಳಿಸುವ ಪದ್ಧತಿ. ಕರೆದೊಯ್ಯಲು ಬೀಗರು ಕಾರು ತಂದರು. ಪಲ್ಲವಿ ಚೀಲಗಳನ್ನಿಟ್ಟು, ಕೊನೆಗೆ ಪೇಡೆಯನ್ನು ಎತ್ತಿಕೊಳ್ಳಲು ಹಿತ್ತಲಿಗೆ ಬಂದಾಗ ಗಿರಿಜಾ ಟಬ್ಬಿಗೆ ಅಡ್ಡ ನಿಂತಿದ್ದಳು. ‘ಅದು ಇಲ್ಲೇ ಇರಲಿ. ನೀ ಬರೂಮಟ ನಾ ನೋಡಕೋತೇನಿ’ ಎಂದಳು, ಈ ಸಲ ಸೊಸೆಗೇ ನೇರವಾಗಿ. ಪಲ್ಲವಿ ಪೇಡೆ ತಿನ್ನುವ ಕಾಳಿನ ಡಬ್ಬಿಯನ್ನು ಅತ್ತೆಯ ಕೈಗಿತ್ತು ಹೋದಳು. ಕಾರು ತಿರುವು ದಾಟಿದ ಮೇಲೆ ನಾನು, ‘ಅಷ್ಟು ಬ್ಯಾಸರಿದ್ದಾಕಿ ಯಾಕ ಇಟಗೊಂಡಿ?’ ಎಂದು ಕೇಳಿದೆ. ‘ಆಮೀನೂ ಹೋದ್ರ ಆಕಿ ತಿರಗಿ ಬರತಾಳಂತ ಏನ್ ಖಾತ್ರಿರಿ?’ ಎಂದಳು. ಅವಳ ಕಣ್ಣು ತುಂಬಿತ್ತು. ಇಷ್ಟು ವರ್ಷದ ದಾಂಪತ್ಯದಲ್ಲಿ ಅವಳು ಅಷ್ಟು ಭಯಪಟ್ಟದ್ದನ್ನು ನೋಡಿದ ನೆನಪು ನನಗಿಲ್ಲ.

ಆದರೆ ಒತ್ತೆಯಿಟ್ಟುಕೊಂಡ ಜೀವವೇ ಕೈಕೊಡಲು ನೋಡಿತು. ಆ ಆಷಾಢದಲ್ಲಿ ಬಿಸಿಲೆಂಬುದೇ ಇಲ್ಲ. ಹಗಲೆಲ್ಲ ಮೋಡ, ಜಿಟಿಜಿಟಿ ಮಳೆ, ತಣ್ಣನೆಯ ಗಾಳಿ. ಪೇಡೆ ಉಣ್ಣುವುದನ್ನು ಬಿಟ್ಟಿತು. ಕಲ್ಲು ಹತ್ತಲಿಲ್ಲ, ಕಣ್ಣು ಮುಚ್ಚಿ ಮೂಲೆಗೆ ಸರಿದು ಕುಳಿತಿತು. ಗಿರಿಜಾ ದೇವರಿಗೆ ಕಾಯಿ ಹರಕೆ ಹೊತ್ತಳು, ಟಬ್ಬಿಗೆ ಕಂಬಳಿ ಹೊದಿಸಿದಳು, ಕಡೆಗೆ ರೊಟ್ಟಿಬುಟ್ಟಿಯಲ್ಲಿ ಹಳೆಯ ಸೀರೆ ಹಾಸಿ ಅದರೊಳಗೆ ಪೇಡೆಯನ್ನಿಟ್ಟುಕೊಂಡು, ನನ್ನನ್ನು ಹಿಂದಿಟ್ಟುಕೊಂಡು ಹಾವೇರಿಯ ಬಸ್ಸು ಹತ್ತಿದಳು. ಪಕ್ಕದ ಸೀಟಿನ ಹೆಣ್ಣುಮಗಳು, ‘ರೊಟ್ಟಿ ಯಾರ ಮನಿಗ್ರಿ?’ ಎಂದು ವಿಚಾರಿಸಿದಾಗ ಬುಟ್ಟಿಯಿಂದ ಒಂದು ತಲೆ ಹೊರಬಂದು ಉತ್ತರಿಸಿತು. ಆ ಹೆಣ್ಣುಮಗಳು ಹಿಂದಿನ ಸೀಟಿಗೆ ಹೋಗಿ ಕುಳಿತರು.

ಹಾವೇರಿಯ ಪಶುವೈದ್ಯರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಮೈಗೆ ಶೀತವಾಗಿದೆ, ಬಿಸಿಲಿಲ್ಲದಿದ್ದರೆ ಇದಕ್ಕೆ ತಿಂದದ್ದು ಕರಗದು. ಒಳಗಿಟ್ಟು, ನೀರು ಬೆಚ್ಚಗಿಡಿ, ಒಣಗಿದ ಕಲ್ಲಿನ ಮೇಲೆ ಬಲ್ಬು ಕಟ್ಟಿ ಎಂದರು. ಏಳುವ ಮುಂಚೆ ಗಿರಿಜಾ ತಡೆಯಲಾರದೆ ಬಾವಿಯ ಅಜ್ಜನ ವಿಚಾರ ತೆಗೆದಳು. ವೈದ್ಯರು ಹೇಳಿದ್ದು ಪಲ್ಲವಿ ಹೇಳಿದ್ದನ್ನೇ, ಬಹುತೇಕ ಅದೇ ಮಾತುಗಳಲ್ಲಿ. ಮರಳುವಾಗ ಬಸ್ಸು ಊರು ಸಮೀಪಿಸುವತನಕ ಅವಳು ಬುಟ್ಟಿಯ ಸೀರೆಯನ್ನು ಮತ್ತೆ ಮತ್ತೆ ಸರಿಪಡಿಸುತ್ತಿದ್ದಳು. ಆಮೇಲೆ ಬುಟ್ಟಿಯನ್ನು ನೋಡುತ್ತಲೇ, ‘ಹುಡಿಗಿ ಖರೇನ ಹೇಳಿತ್ತು’ ಎಂದಳು. ವಿವೇಕಿಯಾದ ನಾನು ಕಿಟಕಿಯಾಚೆಯ ಗೋವಿನಜೋಳದ ಹೊಲಗಳನ್ನು ನೋಡುತ್ತ ಕುಳಿತೆ.

ಅಂದು ಸಂಜೆಯೇ ಬ್ಯಾಡಗಿಗೆ ಫೋನು ಹೋಯಿತು. ಆಷಾಢದಲ್ಲಿ ಅತ್ತೆ-ಸೊಸೆ ವಿಡಿಯೊದಲ್ಲಿ ಮುಖ ನೋಡಬಹುದೇ ಎಂಬ ಧರ್ಮಸೂಕ್ಷ್ಮವನ್ನು ನಾನು ಎತ್ತಿದೆ. ಫೋನಿಗೆ ಹೊಸ್ತಿಲಿಲ್ಲವೆಂದು ಗಿರಿಜಾ ತೀರ್ಪಿತ್ತಳು. ಮೊದಲ ದಿನ ಮಾತೆಲ್ಲ ನೀರಿನ ಬಿಸಿಯ ಬಗ್ಗೆ, ಬಲ್ಬಿನ ಎತ್ತರದ ಬಗ್ಗೆ. ದಿನ ಕಳೆದಂತೆ ಮಾತು ಟಬ್ಬಿನಿಂದ ಮೇಲೆದ್ದು ಬದನೆಕಾಯಿ ಎಣಗಾಯಿಗೆ, ಅಲ್ಲಿಂದ ವಿನಾಯಕನ ಗೊರಕೆಗೆ, ಅಲ್ಲಿಂದ ನನ್ನ ಸಮಗ್ರ ದೋಷಗಳಿಗೆ ಹರಡಿಕೊಂಡಿತು. ಪೇಡೆ ಸೌತೆಕಾಯಿಯ ಚೂರೊಂದನ್ನು ಕಚ್ಚಿದ ಸಂಜೆ ಅತ್ತೆ ಇಲ್ಲಿ, ಸೊಸೆ ಅಲ್ಲಿ, ಇಬ್ಬರೂ ಅತ್ತರು. ಒಂದೇ ಸೂರಿನಡಿ ವಾರಗಟ್ಟಲೆ ಮಾತು ಹೊಂದದಿದ್ದವರನ್ನು ಹೀಗೆ ಬೇರೆ ಮಾಡಿ ಕೂಡಿಸಿದ ಆಷಾಢವನ್ನು ಅಶುಭವೆಂದವರು ಯಾರೋ ನಾನರಿಯೆ. ಒಂದೇ ನೀರಿಗೆ ಬಿಡುವುದೇ ಪ್ರೀತಿಯೆಂದು ನಾವು ನಂಬಿದ್ದೆವು. ಅಜ್ಜನಿಗೆ ಕತ್ತಲು, ಪೇಡೆಗೆ ಬಿಸಿಲು ಎಂದು ಕೇಳಿ ತಿಳಿದು ಒದಗಿಸುವುದೂ ಪ್ರೀತಿಯೇ ಎಂಬುದು ಬುಟ್ಟಿ ಹೊತ್ತು ತಿರುಗಿದ ಮೇಲೆ ತಿಳಿಯಿತು.

ಶ್ರಾವಣದ ಮೊದಲ ವಾರ ಪಲ್ಲವಿ ಬಂದಳು. ಪೇಡೆಯ ಹತ್ತಿರ ಓಡುತ್ತಾಳೆಂದು ನಾನು ಕಾಯುತ್ತಿದ್ದರೆ, ತವರಿನಿಂದ ತಂದ ರೊಟ್ಟಿಯ ಚೂರು ಮುರಿದು ನೇರ ಬಾವಿಕಟ್ಟೆಗೆ ಹೋಗಿ ಅಜ್ಜನಿಗೆ ಹಾಕಿದಳು. ಆಮೇಲೆ ಅತ್ತೆಯ ಎದುರು ನಿಂತು, ಎಷ್ಟೋ ದಿನ ಯೋಚಿಸಿ ಗಟ್ಟಿಮಾಡಿಕೊಂಡ ಧ್ವನಿಯಲ್ಲಿ, ‘ಅತ್ತಿ, ನಿಮಗ ಇದರ ಸಲುವಾಗಿ ಭಾಳ ತ್ರಾಸ ಆತ್ರಿ. ನನ್ನ ಗೆಳತಿ ಒಬ್ಬಾಕಿ ಸಾಕತೇನಿ ಅಂದಾಳ, ಆಕೀಗೆ ಕೊಟ್ಟ ಬಿಡತೇನ್ರಿ’ ಎಂದಳು.

ಗಿರಿಜಾ ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು. ‘ಕೊಡಾಕ ನೀ ಯಾರ? ಮಳ್ಯಾಗ ಬುಟ್ಟಿ ಹೊತ್ತ ಹಾವೇರಿಗೆ ಹೋದಾಕಿ ನಾನು’ ಎಂದಳು. ‘ಅಜ್ಜ ಬಾವ್ಯಾಗಿರಲಿ, ಪೇಡೆ ಬಿಸಲಾಗಿರಲಿ. ಅವುಕ್ಕ ಹೆಂಗ ಬೇಕ ಹಂಗ ಇರಲಿ. ನೀ ಬಾ, ನಮ್ಮ ಮನಿಗೆ ಬಂದೀದಿ, ಕುಂದ್ರು.’

ಹಿತ್ತಲ ಬಿಸಿಲಿನ ಭೂಗೋಳ ನನಗೆ ಕರತಲಾಮಲಕವಾದದ್ದು ಹೀಗೆ. ಆದರೆ ಈಗೀಗ ಒಂದು ತೊಡಕಾಗಿದೆ. ಒಗೆಯುವ ಕಲ್ಲಿನ ಬಲಕ್ಕೆ ಬೀಳುವ ಆ ಬಿಸಿಲು ಬಹಳ ದೊಡ್ಡದೇನಲ್ಲ. ಪೇಡೆಯ ಟಬ್ಬು ಒಂದು, ಅದರ ಪಕ್ಕ ಗಿರಿಜಾಳ ಮಣೆ, ಅದರ ಪಕ್ಕ ಪಲ್ಲವಿಯದು. ಇಬ್ಬರೂ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ, ನಾನು ಬಂದರೆ ಮಾತು ನಿಲ್ಲಿಸುತ್ತ ಕುಳಿತಿರುತ್ತಾರೆ. ಟಬ್ಬು ಸರಿಸಿದೊಡನೆ ಮಣೆಗಳೂ ಸರಿಯುತ್ತವೆ. ಚಳಿಗಾಲದ ಬೆಳಗಿನಲ್ಲಿ ನನಗೂ ಕೊಂಚ ಬಿಸಿಲು ಬೇಕೆನಿಸುತ್ತದೆ, ಕೇಳಲು ಧೈರ್ಯವಿಲ್ಲ. ಆದ್ದರಿಂದ ಚಹಾದ ಬಟ್ಟಲು ಹಿಡಿದು ಒಳಕೋಣೆಗೆ ಬಂದು, ನಮ್ಮ ಹಿತ್ತಾಳೆಯ ಮಹಾಶಯನ ಪಕ್ಕದಲ್ಲಿ, ಉತ್ತರಕ್ಕೆ ಮುಖ ಮಾಡಿ, ಇಟ್ಟಲ್ಲಿ ಕುಳಿತಿದ್ದೇನೆ.