ಸುಮ್ಮನಿದ್ದ ಫೋನು

ರೋಗಪರೀಕ್ಷೆಯ ಲ್ಯಾಬೊಂದರಲ್ಲಿ ವೆಬ್‌ಸೈಟ್ ನಡೆಸುವ ಸರ್ವರ್ ಯಂತ್ರ ನೋಡಿಕೊಳ್ಳುತ್ತಿದ್ದ ಅವನನ್ನು ಜೊತೆಯವರು 'ದ್ವಾರಪಾಲಕ' ಎನ್ನುತ್ತಿದ್ದರು. ಗೇಲಿಗೆ ಅಂದದ್ದನ್ನು ಅವನು ಬಿರುದೆಂದೇ ಸ್ವೀಕರಿಸಿದ್ದ. ಅವನು ಬರೆದ ಅಂಗೈಯಗಲದ ಸ್ಕ್ರಿಪ್ಟೊಂದು, ಅಂದರೆ ಪುಟ್ಟ ಪ್ರೋಗ್ರಾಮು, ಆಗಾಗ ಆ ವೆಬ್‌ಸೈಟಿನ ಬಾಗಿಲು ತಟ್ಟುತ್ತಿತ್ತು; ಒಳಗಿನಿಂದ ಓಗೊಡದಿದ್ದರೆ ಅವನ ಫೋನಿಗೆ ದೂರು ಕಳಿಸುತ್ತಿತ್ತು. ಇಷ್ಟಕ್ಕೇ ಅವನದು ತನ್ನ ಕೋಳಿ ಕೂಗದಿದ್ದರೆ ಬೆಳಗಾಗದೆಂದ ಅಜ್ಜಿಯ ಗತ್ತು. "ನನ್ನ ಫೋನ್ ಸುಮ್ನಿದೆ ಅಂದ್ರೆ ಎಲ್ಲಾ ನೆಟ್ಟಗಿದೆ ಅಂತ ತಿಳ್ಕೊಳಿ."

ಅವನ ಅತ್ತೆಯದು ತದ್ವಿರುದ್ಧ. ದಿನಾ ಬೆಳಗ್ಗೆ ಮಗಳಿಗೆ ಫೋನ್ ಮಾಡಿ, "ಏನೂ ವಿಶೇಷ ಇಲ್ಲ ಕಣೇ" ಎಂದು ಇಟ್ಟುಬಿಡುವರು.

"ವಿಶೇಷ ಇಲ್ಲ ಅನ್ನೋಕೂ ಒಂದು ಫೋನಾ?" ಎಂದು ಅಳಿಯ ನಗುವನು.

ಅತ್ತೆಯ ಕುತ್ತಿಗೆಯಲ್ಲಿ ಗಂಟೊಂದು ಎದ್ದಿತು. ಅದರ ಚೂರು ಪರೀಕ್ಷೆಗೆಂದು ಅವನ ಲ್ಯಾಬಿಗೇ ಹೋಯಿತು. ವರದಿ ವೆಬ್‌ಸೈಟಿನಲ್ಲಿ ಬರಬೇಕಾದ ಭಾನುವಾರ ಅತ್ತೆ ಮಗಳ ಮನೆಗೇ ಬಂದು, ಫೋನ್ ಒತ್ತುತ್ತ ಕುಳಿತರು.

"ತೆರೀತಾನೇ ಇಲ್ವಲ್ಲಪ್ಪಾ."

"ನಿಮ್ಮ ಫೋನ್ ಹಳೇದು ಅತ್ತೆ."

"ನಂದೇನು ಹಳೇದಾ? ಇದ್ರಲ್ಲೂ ಇಲ್ಲ," ಎಂದಳು ಹೆಂಡತಿ.

"ಸರ್ವರ್ ಬಿದ್ದಿದ್ರೆ ನಂಗೆ ಮೆಸೇಜ್ ಬರ್ತಿರ್ಲಿಲ್ವೇನೇ?"

"ಆ ಮೆಸೇಜ್ ಕಳ್ಸೋ ಮಹಾಶಯ ಎಲ್ಲಿ ಕೂತಿರ್ತಾನ್ರೀ?"

"ಇನ್ನೆಲ್ಲಿ, ಆ ಸರ್ವರಲ್ಲೇ..." ಎನ್ನುತ್ತಲೇ ಅವನು ಧಡಕ್ಕನೆ ಎದ್ದ. ಮನೆಯ ಜೊತೆಗೆ ಕಾವಲುಗಾರನೂ ಮಲಗಿದ್ದ!

ಚಪ್ಪಲಿ ಅದಲುಬದಲು ಮೆಟ್ಟಿಕೊಂಡು ಲ್ಯಾಬಿಗೆ ಓಡಿದ. ಕರೆಂಟು ಹೋಗಿ, ಬ್ಯಾಟರಿಯೂ ಬರಿದಾಗಿ, ಹಿಂದಿನ ಸಂಜೆಯಿಂದಲೇ ಸರ್ವರ್ ತಣ್ಣಗಾಗಿತ್ತು. ಕುತ್ತಿಗೆಗೆ ಕೈಯಿಟ್ಟುಕೊಂಡು ಹೀಗೇ ಎಷ್ಟು ಮನೆಗಳಲ್ಲಿ ಎಷ್ಟು ಜನ ಕಾದಿದ್ದರೋ! ಅಷ್ಟರಲ್ಲಿ ಕರೆಂಟು ಬಂದಿತ್ತು; ಗುಂಡಿ ಒತ್ತಿ ಸರ್ವರನ್ನು ಎಬ್ಬಿಸಿದ.

ಸ್ವಲ್ಪ ಹೊತ್ತಿನಲ್ಲೇ ಫೋನ್ ಬಂತು. ಅತ್ತೆ.

"ಬಂತಪ್ಪಾ ವರದಿ. ಬರೀ ಕೊಬ್ಬಿನ ಗಂಟಂತೆ. ಏನೂ ವಿಶೇಷ ಇಲ್ಲ."

ಅವನು ಕುರ್ಚಿ ಹುಡುಕಿ ಕುಳಿತ.

ಈಗ ಸ್ಕ್ರಿಪ್ಟು ಬೇರೆ ಯಂತ್ರಕ್ಕೆ ಮನೆ ಬದಲಿಸಿದೆ. ಎಲ್ಲ ನೆಟ್ಟಗಿದ್ದರೂ ದಿನಾ ಬೆಳಗ್ಗೆ 'ಏನೂ ವಿಶೇಷ ಇಲ್ಲ' ಎಂದು ಕಳಿಸುತ್ತದೆ, ಕಳಿಸದಿದ್ದರೇ ಗಾಬರಿ. ಇದು ತನ್ನ ಹೊಸ ಶೋಧವೆಂದು ಜೊತೆಯವರಿಗೆ ಭಾಷಣ ಬಿಗಿಯುತ್ತಾನೆ, ಅತ್ತೆಯ ಸುದ್ದಿ ಎತ್ತುವುದಿಲ್ಲ. ಆದರೆ ಹೆಂಡತಿಯ ಫೋನು ಬೆಳಗ್ಗೆ ಕೊಂಚ ಹೊತ್ತು ಸುಮ್ಮನಿದ್ದರೆ ಸಾಕು, ತಿಂಡಿಯ ತಟ್ಟೆ ಬದಿಗಿಟ್ಟು ಕೇಳುವವನು ಅವನೇ:

"ಯಾಕೇ, ಅತ್ತೆ ಇನ್ನೂ ಫೋನ್ ಮಾಡ್ಲಿಲ್ಲ?"