ಸಾರಿನ ಪುಡಿಗೆ ಬಂದ ಕಾರ್ಡುಗಳು

ಸಯನ್ ಸ್ಟೇಷನ್ನಿಗೆ ಹತ್ತು ನಿಮಿಷದ ನಡಿಗೆಯಲ್ಲಿದ್ದ ಆ ಮೂರು ಮಹಡಿಯ ಹಳೆಯ ಬಿಲ್ಡಿಂಗಿನಲ್ಲಿ ಅಮ್ಮಣ್ಣಿಯ ಮನೆಗೆ ಬರುತ್ತಿದ್ದಷ್ಟು ಅಂಚೆ ಇನ್ನಾರ ಮನೆಗೂ ಬರುತ್ತಿರಲಿಲ್ಲ. ಬರುವುದೆಲ್ಲ ಪೋಸ್ಟ್ ಕಾರ್ಡುಗಳೇ. ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ಸಮಾಚಾರ: ಅಮ್ಮಣ್ಣಿಯವರ ಸಾರಿನ ಪುಡಿಗೆ ಈ ಮುಂಬಯಿಯಲ್ಲಿ ಸಮನಿಲ್ಲ. ಏಳು ವರ್ಷಗಳಲ್ಲಿ ಬಂದ ಅಷ್ಟೂ ಕಾರ್ಡುಗಳಲ್ಲಿ ಒಂದೇ ಒಂದು ಬೇರೆ ಮಾತು ಹೇಳಿತ್ತು. ಅದೊಂದನ್ನು ಆಕೆ ಹರಿದು ಹಾಕಿದಳು. ಹರಿಯಬಾರದಿತ್ತು. ಆದರೆ ಆ ಬುದ್ಧಿ ಬರುವ ಹೊತ್ತಿಗೆ ಎರಡು ವರ್ಷ ಕಳೆದುಹೋಗಿತ್ತು.

ಆಕೆಯೇನು ಹುಟ್ಟು ವ್ಯಾಪಾರಗಾರ್ತಿಯಲ್ಲ. ಗಂಡ ತಿರುಮಲೇಶ ಪರೇಲಿನ ಒಂದು ಬಟ್ಟೆ ಗಿರಣಿಯಲ್ಲಿ ಹಾಜರಿ ಗುಮಾಸ್ತ. ಎಂಬತ್ತೆರಡರಲ್ಲಿ ಮುಷ್ಕರ ಹೂಡಿದ್ದೇ ಹೂಡಿದ್ದು, ಗಿರಣಿಯ ಗೇಟು ಮತ್ತೆ ತೆರೆಯಲಿಲ್ಲ. ಆದರೂ ಆತ ಒಂದು ವರ್ಷ ದಿನಾ ಇಸ್ತ್ರಿ ಅಂಗಿ ತೊಟ್ಟು, ಊಟದ ಡಬ್ಬಿ ಹಿಡಿದು, ಲೋಕಲ್ ಹತ್ತಿ ಹೋಗಿ ಆ ಮುಚ್ಚಿದ ಗೇಟು ನೋಡಿಕೊಂಡು ಬರುತ್ತಿದ್ದ. ಶಾಲೆಗೆ ಹೋಗುವ ಎರಡು ಮಕ್ಕಳು. ಒಂದು ದಿನ ಅಮ್ಮಣ್ಣಿ, "ಏನೂಂದ್ರೆ, ಗೇಟು ನೋಡಿದ್ದು ಸಾಕು. ಮಾರ್ಕೆಟ್ಟಿಗೆ ಹೋಗಿ ಎರಡು ಕೇಜಿ ಕೊತ್ತಂಬರಿ ಬೀಜ ತನ್ನಿ" ಎಂದಳು. ವ್ಯಾಪಾರ ಶುರುವಾದದ್ದು ಹಾಗೆ.

ಆಕೆಯ ಬಂಡವಾಳವೆಂದರೆ ಒಂದು ದಪ್ಪ ತಳದ ಬಾಣಲೆ ಮತ್ತು ತನ್ನ ಮೂಗು. ಕೊತ್ತಂಬರಿ, ಜೀರಿಗೆ, ಮೆಣಸು, ಬ್ಯಾಡಗಿ ಮೆಣಸಿನಕಾಯಿ ಎಲ್ಲವನ್ನೂ ಬೇರೆ ಬೇರೆಯಾಗಿ ಹುರಿಯುತ್ತಿದ್ದಳು. ಕಷ್ಟವಿದ್ದದ್ದು ಮೆಂತ್ಯದಲ್ಲಿ. ಮೆಂತ್ಯ ಘಮ್ಮೆನ್ನಬೇಕು. ಘಮ್ಮೆಂದ ಮೇಲೆ ಒಂದು ಉಸಿರಿನಷ್ಟು ತಡವಾದರೂ ಕಹಿ. ಅಮ್ಮಣ್ಣಿ ಬಾಣಲೆಯನ್ನು ನೋಡುತ್ತಲೇ ಇರಲಿಲ್ಲ. ಮಗನಿಗೆ ಮಗ್ಗಿ ಹೇಳಿಕೊಡುತ್ತಾ ಸೌಟಾಡಿಸುವಳು, ಘಮ ಮೂಗಿಗೆ ತಾಗಿದ ಕ್ಷಣ ಕೈ ತಾನಾಗಿ ಒಲೆ ಆರಿಸುತ್ತಿತ್ತು.

ಮೊದಲ ಪುಡಿಯನ್ನು ಆಕೆ ಒಯ್ದು ಕೊಟ್ಟದ್ದು ವಡಾಲದ ಸರಸ್ವತಿಗೆ. ಇಬ್ಬರೂ ಒಂದೇ ವರ್ಷ ಮೈಸೂರು ಕಡೆಯಿಂದ ಸೊಸೆಯರಾಗಿ ಈ ಊರಿಗೆ ಬಂದವರು. ಎಂಟು ವರ್ಷ ಅಕ್ಕಪಕ್ಕದ ಮನೆಯಲ್ಲಿದ್ದರು. ಗಂಡನಿಗೆ ಕಾಲೋನಿಯಲ್ಲಿ ಮನೆ ಸಿಕ್ಕಿತೆಂದು ಸರಸ್ವತಿ ವಡಾಲಕ್ಕೆ ಹೋಗಿದ್ದಳು. ಆಕೆಯ ನಾಲಿಗೆಗೆ ಊರೆಲ್ಲ ಹೆದರುತ್ತಿತ್ತು. ರುಚಿ ನೋಡುವುದರಲ್ಲೂ, ಮಾತಾಡುವುದರಲ್ಲೂ.

"ಇದೇನೇ ಇದು, ಕೊತ್ತಂಬರಿ ಹುರಿದೆಯೋ, ಬಿಸಿಲಿಗೆ ತೋರಿಸಿ ತಂದೆಯೋ?" ಎಂದಳು ಸರಸ್ವತಿ. "ಇದನ್ನ ಮಾರೋಕೆ ಹೊರಟ್ರೆ ಜನ ನಿನ್ನ ಬಿಲ್ಡಿಂಗ್ ಕೆಳಗೆ ನಿಂತು ಬೈತಾರೆ."

"ಬಾಯಿಗೆ ಬಂದಂಗೆ ಅನ್ಬೇಡ ಕಣೇ. ಏನು ಮಾಡ್ಬೇಕು ಹೇಳು."

"ಎದ್ದು ಬಾ, ಒಲೆ ಹಚ್ಚು."

ನಾಲ್ಕು ಸಲ ಹಾಗಾಯಿತು. ಐದನೆಯ ಸಲ ಸರಸ್ವತಿ ಚಿಟಿಕೆ ಪುಡಿ ನಾಲಿಗೆಗಿಟ್ಟು ಇನ್ನೊಂದು ಚಿಟಿಕೆ ತೆಗೆದುಕೊಂಡಳು. ಆಮೇಲೆ, "ಹೂಂ, ಈಗ ಮಾರು" ಎಂದಳು. ಮುಂದೆ ಬಂದ ನೂರಾರು ಕಾರ್ಡುಗಳನ್ನು ಒಟ್ಟು ಮಾಡಿದರೂ ಆ ಎರಡು ಮಾತಿನ ತೂಕ ಬರುವುದಿಲ್ಲ.

ಕಾರ್ಡಿನ ಯೋಚನೆ ತಿರುಮಲೇಶನದು. ಪಾಪ, ಕಾಗದ ಪತ್ರವಿಲ್ಲದೆ ಆತನಿಗೆ ಕೈ ಕಟ್ಟಿದಂತಾಗಿತ್ತು. ಒಂದು ರಬ್ಬರ್ ಸ್ಟಾಂಪು ಮಾಡಿಸಿದ. ಕಾರ್ಡಿನ ಒಂದು ಕಡೆ ಮನೆಯ ವಿಳಾಸ, ಇನ್ನೊಂದು ಕಡೆ ತಲೆಯ ಮೇಲೆ "ಪುಡಿ ಹೇಗಿದೆ? ದಯವಿಟ್ಟು ಎರಡು ಮಾತು ಬರೆಯಿರಿ" ಎಂಬ ಸಾಲು. ಪೊಟ್ಟಣದ ಮೇಲೆ ತಿಂಗಳಿನ ಮುದ್ರೆ ಒತ್ತಿ, ದಾರ ಕಟ್ಟಿ, ದಾರದ ಕೆಳಗೆ ಒಂದು ಕಾರ್ಡು ಸಿಕ್ಕಿಸುತ್ತಿದ್ದ. ಗಿರಾಕಿ ಬರೆದು ಅಂಚೆ ಡಬ್ಬಕ್ಕೆ ಹಾಕಿದರೆ ಸಾಕು. ಬಂದ ಕಾರ್ಡಿಗೆ ನಂಬರು ಕೊಟ್ಟು ಫೈಲಿಗೆ ಸೇರಿಸುವಾಗ ಆತನ ಮುಖದಲ್ಲಿ ಗಿರಣಿಯ ದಿನಗಳ ಕಳೆ ಬರುತ್ತಿತ್ತು. ಹೊಸಬರ ಮನೆಗೆ ಹೋದಾಗ ಅಮ್ಮಣ್ಣಿ ಆ ಫೈಲು ತೋರಿಸುವಳು. ಅವರು ಓದಿ, ಎರಡು ಪೊಟ್ಟಣ ಹೆಚ್ಚಿಗೆ ತೆಗೆದುಕೊಳ್ಳುವರು. ಮಾಟುಂಗ, ಸಯನ್, ವಡಾಲ, ಪರೇಲಿನ ನಲವತ್ತು ಕನ್ನಡದ ಮನೆಗಳು ಹಾಗೆ ಕಾಯಂ ಆದವು.

ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಹೊಗಳಿಕೆ ಕೆಟ್ಟ ಚಟ. "ಬಾಯಿ, ಆಜ್ ಪಾಚ್ ಕಾರ್ಡ್!" ಎಂದು ಪೋಸ್ಟ್‌ಮ್ಯಾನ್ ಕೆಳಗಿನಿಂದ ಮರಾಠಿಯಲ್ಲಿ ಕೂಗಿ ಐದು ಕಾರ್ಡು ಕೊಟ್ಟ ದಿನ ಅಮ್ಮಣ್ಣಿಗೆ ಹಬ್ಬ, ಒಂದೂ ಬಾರದ ದಿನ ತಲೆನೋವು. ಪುಡಿ ಕೊಡಲು ಹೋದವಳು ಬಾಗಿಲಲ್ಲೇ ನಿಂತು, "ಹೋದ ತಿಂಗಳದ್ದು ಬರೆದ್ರಾ?" ಎಂದು ಕೇಳತೊಡಗಿದಳು. ಸ್ಟೇಷನ್ನಿನ ಮೆಟ್ಟಿಲ ಮೇಲೆ ಸಿಕ್ಕವರನ್ನೂ ಬಿಡಲಿಲ್ಲ. "ಎರಡೇ ಮಾತು ರೀ, ನಿಮ್ಮ ಕೈಯಿಂದ ಬರಲಿ" ಎಂದರೆ ಯಾರು ಇಲ್ಲವೆನ್ನುತ್ತಾರೆ? ಗಿರಣಿ ಮುಚ್ಚಿದ ಮನೆಯ ಹೆಂಗಸು, ನಮ್ಮ ಕಡೆಯವಳು, ಬಾಗಿಲಲ್ಲಿ ನಿಂತಿದ್ದಾಳೆ. ಬರೆದರು. ನಮ್ಮ ಜನಕ್ಕೆ ದಾಕ್ಷಿಣ್ಯ ಕೊಂಚ ಜಾಸ್ತಿ, ಅದು ಒಳ್ಳೆಯದೆಂದು ನಾವು ಹೆಮ್ಮೆಪಡುವುದೂ ಜಾಸ್ತಿ.

ಎಂಬತ್ತೆಂಟರ ಮಳೆಗಾಲದಲ್ಲಿ ಅಮ್ಮಣ್ಣಿಗೆ ಕೆಟ್ಟ ಜ್ವರ ಬಂತು. ಹದಿನೈದು ದಿನ ಮೇಲೇಳಲಿಲ್ಲ. ಆ ಜ್ವರ ಬಿಟ್ಟುಹೋಗುವಾಗ ಆಕೆಯ ಮೂಗಿನ ಶಕ್ತಿಯ ಮುಕ್ಕಾಲು ಪಾಲನ್ನೂ ನಾಲಿಗೆಯ ರುಚಿಯನ್ನೂ ಜೊತೆಗೊಯ್ದಿತ್ತು. ಅದು ಆಕೆಗೆ ತಿಳಿಯಲಿಲ್ಲ. ಕಾಫಿಯ ಪರಿಮಳ ಸಪ್ಪೆಯಾದಾಗ, "ಆ ಕಾಫಿಪುಡಿ ಅಂಗಡಿಯವನು ಚಿಕೋರಿ ಸುರೀತಿದಾನೆ" ಎಂದು ಬೈದು ಅಂಗಡಿ ಬದಲಿಸಿದಳು. ಮಲ್ಲಿಗೆಗೆ ವಾಸನೆಯಿಲ್ಲವೆಂದು ಹೂವಿನವಳೊಡನೆ ಜಗಳವಾಡಿದಳು. ಮೆಂತ್ಯ ಹುರಿಯುವಾಗ ಎಂದಿನಂತೆ ಘಮಕ್ಕಾಗಿ ಕಾಯುತ್ತಿದ್ದಳು. ಅದು ಮೂಗಿಗೆ ತಾಗುವಷ್ಟು ಜೋರಾಗಿ ಬರುವ ಹೊತ್ತಿಗೆ ಮೆಂತ್ಯ ಕರಕಲಾಗಿರುತ್ತಿತ್ತು. ಕಾರ್ಡುಗಳು ಮಾತ್ರ ಎಂದಿನ ಹಾಗೆಯೇ ಬರುತ್ತಿದ್ದವು.

ಮಾರನೆಯ ವರ್ಷದ ಮೊದಲಲ್ಲಿ ಆಕೆ ಸರಸ್ವತಿಯನ್ನು ಹಿಡಿದಳು. "ನಲವತ್ತು ಮನೆಯವರು ಬರೀತಾರೆ, ನೀನೊಬ್ಬಳು ಇವತ್ತಿನವರೆಗೂ ಒಂದು ಕಾರ್ಡ್ ಹಾಕಿಲ್ಲ ನೋಡು."

"ನನ್ನ ಕೈಲಿ ಬರೆಸ್ಬೇಡ ಕಣೇ. ನಿಂಗೆ ಆಗಿಬರೋಲ್ಲ."

"ಅದೆಲ್ಲ ಆಗೋಲ್ಲ. ಈ ಸಲ ಬರೀಲೇಬೇಕು."

ಸರಸ್ವತಿ ಬರೆದಳು. "ಅಮ್ಮಣ್ಣಿ, ಈ ಸಲದ ಪುಡಿಯಲ್ಲಿ ಮೆಂತ್ಯ ಸೀದಿದೆ. ಹೋದ ಸಲವೂ ಸೀದಿತ್ತು. ಸಾರು ಕಹಿಯಾಗಿ ಇಡೀ ಪಾತ್ರೆ ಚೆಲ್ಲಬೇಕಾಯಿತು. ನಿನ್ನ ಮೂಗಿಗೆ ಏನೋ ಆಗಿರಬೇಕು, ಡಾಕ್ಟರಿಗೆ ತೋರಿಸು."

ಈ ಮಾತು ಮುಚ್ಚಿದ ಲಕೋಟೆಯಲ್ಲಿ ಬಂದಿದ್ದರೆ ಕತೆ ಬೇರೆಯಾಗುತ್ತಿತ್ತೋ ಏನೋ. ಕಾರ್ಡು ಎಂದರೆ ತೆರೆದ ಕಾಗದ. ಆ ದಿನ ಪೋಸ್ಟ್‌ಮ್ಯಾನ್ ಕಾರ್ಡುಗಳನ್ನು ಕೆಳಗಿನ ಮನೆಯಲ್ಲಿ ಕೊಟ್ಟುಹೋಗಿದ್ದ. ಅಲ್ಲಿ ಕನ್ನಡ ಓದಬಲ್ಲ ಮಂಗಳೂರಿನ ಹೆಂಗಸೊಬ್ಬಳಿದ್ದಳು. ಅಮ್ಮಣ್ಣಿ ಇಳಿದು ಬರುವ ಹೊತ್ತಿಗೆ ಇಡೀ ಬಿಲ್ಡಿಂಗಿಗೆ ವಿಷಯ ಗೊತ್ತಾಗಿತ್ತು. ಆಕೆಯ ಕಿವಿ ಬಿಸಿಯಾಯಿತು. ಮೆಂತ್ಯದ ಮಾತು ತಲೆಗೆ ಇಳಿಯಲೇ ಇಲ್ಲ, ನಾಲ್ಕು ಜನ ಓದಿದರಲ್ಲ ಎಂಬುದೊಂದೇ ಇಳಿಯಿತು. ವಡಾಲವೇನು ಏಳು ಸಮುದ್ರದಾಚೆ ಇದೆಯೇ? ಬಂದು ಬಾಯಲ್ಲಿ ಹೇಳಬಹುದಿತ್ತಲ್ಲ? ಬರೆ ಎಂದು ಪೀಡಿಸಿದವಳು ತಾನೇ, ಕಾರ್ಡು ಕೊಟ್ಟವಳೂ ತಾನೇ ಎಂಬುದು ಆ ಸಿಟ್ಟಿನಲ್ಲಿ ಎಲ್ಲಿ ನೆನಪಾಗಬೇಕು?

ಅದೇ ವಾರ ಮಾಟುಂಗದಲ್ಲಿ ಕನ್ನಡ ಹೆಂಗಸರು ಸೇರಿ ಸಂಕ್ರಾಂತಿಯ ಎಳ್ಳು ಬೀರುವುದಿತ್ತು. ಅಮ್ಮಣ್ಣಿ ಫೈಲನ್ನೇ ಒಯ್ದಳು. ಹಾಡು ಮುಗಿದ ಮೇಲೆ ಎದ್ದು ನಿಂತು ಒಂದೊಂದೇ ಕಾರ್ಡನ್ನು ಗಟ್ಟಿಯಾಗಿ ಓದಿದಳು. ಹನ್ನೆರಡು ಕಾರ್ಡು. ಮೂರನೆಯ ಸಾಲಿನಲ್ಲಿ ಸರಸ್ವತಿ ಕೂತಿದ್ದಳು. ಕೊನೆಯಲ್ಲಿ ಅಮ್ಮಣ್ಣಿ ಆ ಕಡೆಗೇ ನೋಡುತ್ತಾ, "ಇಷ್ಟು ಜನಕ್ಕೆ ಸಿಹಿಯಾಗಿದ್ದು ಒಬ್ಬರಿಗೆ ಮಾತ್ರ ಕಹಿಯಾದ್ರೆ, ಕಹಿ ಪುಡೀಲಿಲ್ಲ, ಹೊಟ್ಟೇಲಿದೆ" ಎಂದಳು. ಕೆಲವರು ನಕ್ಕರು. ಕಾರ್ಡು ಬರೆದವರಲ್ಲಿ ಒಬ್ಬಿಬ್ಬರು ತಲೆ ತಗ್ಗಿಸಿದ್ದನ್ನು ಅಮ್ಮಣ್ಣಿ ಸಂಕೋಚವೆಂದುಕೊಂಡಳು. ಸರಸ್ವತಿ ಎಳ್ಳಿನ ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡು ಎದ್ದು ಹೋದಳು. ಮನೆಗೆ ಬಂದ ಅಮ್ಮಣ್ಣಿ ಆಕೆಯ ಕಾರ್ಡನ್ನು ನಾಲ್ಕು ಚೂರು ಮಾಡಿದಳು. ತಿರುಮಲೇಶ ನೋಡುತ್ತಾ ನಿಂತಿದ್ದ.

ತೊಂಬತ್ತೊಂದರಲ್ಲಿ ಪರೇಲಿನ ಸುಬ್ಬಲಕ್ಷ್ಮಿ ಬಚ್ಚಲಲ್ಲಿ ಜಾರಿ ಕೈ ಮುರಿದುಕೊಂಡರು. ಬ್ಯಾಂಕ್ ಅಧಿಕಾರಿಯ ಹೆಂಡತಿ, ಬಹಳ ಮೆತ್ತಗಿನ ಹೆಂಗಸು, ಫೈಲಿನಲ್ಲಿ ಆಕೆಯ ಕಾರ್ಡುಗಳೇ ಹೆಚ್ಚು. ಅಮ್ಮಣ್ಣಿ ನೋಡಲು ಹೋದಳು. ಕಾಫಿಗೆ ಆಕೆ ಏಳಹೊರಟಾಗ, "ನೀವು ಕೂತ್ಕೊಳ್ಳಿ, ನಾನೇ ಮಾಡ್ತೀನಿ" ಎಂದು ಅಡುಗೆಮನೆಗೆ ನಡೆದಳು. ಸಕ್ಕರೆ ಹುಡುಕುತ್ತಾ ಕಪಾಟು ತೆಗೆದಳು.

ಮೇಲಿನ ಹಲಗೆಯಲ್ಲಿ ತನ್ನ ಪುಡಿಯ ಪೊಟ್ಟಣಗಳು ಸಾಲಾಗಿ ನಿಂತಿದ್ದವು, ಒಂಬತ್ತು. ಒಂಬತ್ತರ ಮೇಲೂ ತಿರುಮಲೇಶನ ತಿಂಗಳಿನ ಮುದ್ರೆ, ಒಂಬತ್ತಕ್ಕೂ ಅವನು ಕಟ್ಟಿದ ದಾರ. ಒಂದನ್ನೂ ಬಿಚ್ಚಿರಲಿಲ್ಲ. ದಾರದ ಕೆಳಗಿನ ಕಾರ್ಡು ಮಾತ್ರ ಯಾವುದರಲ್ಲೂ ಇರಲಿಲ್ಲ. ಕಾರ್ಡುಗಳೆಲ್ಲ ಮನೆಯ ಫೈಲಿನಲ್ಲಿ ಭದ್ರವಾಗಿದ್ದವು. "ನಿಮ್ಮ ಪುಡಿಯಿಲ್ಲದೆ ನಮ್ಮವರಿಗೆ ಊಟವೇ ಸೇರುವುದಿಲ್ಲ" ಎಂಬುದು ಕಳೆದ ತಿಂಗಳಿನದು. ಕೆಳಗಿನ ಹಲಗೆಯಲ್ಲಿ ಅಂಗಡಿಯ ಸಾರಿನ ಪುಡಿಯ ಡಬ್ಬವಿತ್ತು, ಅರ್ಧ ಖಾಲಿಯಾಗಿತ್ತು.

ಅಮ್ಮಣ್ಣಿ ಕಪಾಟು ಮುಚ್ಚಿದಳು. ಸಕ್ಕರೆ ಒಲೆಯ ಪಕ್ಕದಲ್ಲೇ ಇತ್ತು. ಕಾಫಿ ಮಾಡಿ ಕೊಟ್ಟಳು, ಕುಡಿದಳು, ಕೈ ಬೇಗ ವಾಸಿಯಾಗಲೆಂದು ಹೇಳಿ ಹೊರಟಳು. "ಕಾರ್ಡ್ ಹಾಕ್ತೀನಿ ಅಮ್ಮಣ್ಣಿಯವರೇ, ಎಡಗೈಲಾದ್ರೂ ಬರೀತೀನಿ" ಎಂದರು ಸುಬ್ಬಲಕ್ಷ್ಮಿ ಬಾಗಿಲವರೆಗೆ ಬಂದು.

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಗಂಡನನ್ನು ಕೇಳಿದಳು. "ನಿಜ ಹೇಳಿ. ಸಾರು ಕಹಿ ಇರುತ್ತಾ?"

ತಿರುಮಲೇಶ ಸ್ಟಾಂಪು ಕೆಳಗಿಟ್ಟ. "ಸ್ವಲ್ಪ."

"ಯಾವಾಗಿಂದ?"

"ಆ ಜ್ವರ ಬಂದು ಹೋಯ್ತಲ್ಲ, ಆಮೇಲಿಂದ."

"ಮೂರು ವರ್ಷ! ಒಂದು ಸಲ ಬಾಯಿ ಬಿಡಬಾರದಿತ್ತೇ?"

"ಈ ಮನೇಲಿ ಒಲೆ ಉರೀತಿರೋದು ನಿನ್ನಿಂದ ಅಮ್ಮಣ್ಣಿ. ಕೂತು ಉಣ್ಣೋನು ಸಾರು ಕಹಿ ಅಂತ ಯಾವ ಬಾಯಲ್ಲಿ ಹೇಳ್ಲಿ?"

"ಸರಸ್ವತಿ ಹೇಳಿದ್ಳು."

"ಹೂಂ. ಅವಳಿಗೆ ನೀನು ಏನು ಮಾಡಿದೆ ಅನ್ನೋದನ್ನೂ ನೋಡಿದ್ದೆನಲ್ಲ."

ಅಮ್ಮಣ್ಣಿ ಅಲ್ಲೇ ಕೂತು ಅತ್ತಳು. ಪುಡಿ ಕೆಟ್ಟದ್ದಕ್ಕಲ್ಲ. ಬಾಗಿಲು ಬಾಗಿಲಿಗೂ ನಿಂತು ತಾನೇ ಬೇಡಿ ತಂದ ಸುಳ್ಳುಗಳಿಗೆ ನಂಬರು ಕೊಟ್ಟು ಇಟ್ಟುಕೊಂಡಿದ್ದಳು. ಬೇಡಿದರೂ ನಿಜವನ್ನೇ ಹೇಳಿದ ಒಬ್ಬಳನ್ನು ನಾಲ್ಕು ಜನರ ಮುಂದೆ ಎಬ್ಬಿಸಿ ಕಳಿಸಿದ್ದಳು. ಅದಕ್ಕೆ ಅತ್ತಳು.

ಮಾರನೆಯ ದಿನ ಮತ್ತೆ ಹುರಿದಳು. ಈ ಸಲ ಮೂಗನ್ನು ನಂಬದೆ, ಬಾಣಲೆಯ ಮೇಲೆ ಬಗ್ಗಿ, ಮೆಂತ್ಯದ ಬಣ್ಣ ನೋಡುತ್ತಾ ಇಳಿಸಿದಳು. ಸರಿಯಾಯಿತೋ ಇಲ್ಲವೋ ಹೇಳುವವರು ಬೇಕಿತ್ತು. ಗಂಡನ ಬಾಯಿಂದ ನಿಜ ಹೊರಡಲು ಮೂರು ವರ್ಷ ಹಿಡಿದಿತ್ತು. ಉಳಿದ ನಲವತ್ತು ಮನೆಯ ಮಾತು ಬೇಡವೇ ಬೇಡ. ಹೊಸ ಪುಡಿಯದೊಂದು ಪೊಟ್ಟಣ, ತಿರುಮಲೇಶ ಕಹಿಯೆಂದು ಒಪ್ಪಿಕೊಂಡಿದ್ದ ಹಳೆಯದೊಂದು ಪೊಟ್ಟಣ ಕಟ್ಟಿಕೊಂಡು ವಡಾಲಕ್ಕೆ ಹೋದಳು.

ಸರಸ್ವತಿ ಬಾಗಿಲು ತೆಗೆದು, "ಬನ್ನಿ ಬನ್ನಿ, ಎಷ್ಟು ದಿನ ಆಯ್ತು!" ಎಂದಳು. ಅಮ್ಮಣ್ಣಿ ತಬ್ಬಿಬ್ಬಾದಳು. ತನ್ನನ್ನು ಬನ್ನಿ ಎಂದು ಆಕೆ ಎಂದೂ ಕರೆದವಳಲ್ಲ. ಕುರ್ಚಿ ಕೊಟ್ಟಳು, ತಟ್ಟೆಯಲ್ಲಿ ಕೋಡುಬಳೆ ತಂದಿಟ್ಟಳು, ಮಕ್ಕಳ ಓದು ವಿಚಾರಿಸಿದಳು.

"ತಪ್ಪಾಯ್ತು ಕಣೇ ಸರಸ್ವತಿ," ಎಂದಳು ಅಮ್ಮಣ್ಣಿ. "ಆವತ್ತು ಹಾಗೆ ಅನ್ನಬಾರದಿತ್ತು. ನೀನು ಹೇಳಿದ್ದೇ ನಿಜ."

"ಅಯ್ಯೋ, ಯಾವ ಕಾಲದ ಮಾತು! ನಾನು ಮರೆತೇಬಿಟ್ಟಿದೀನಿ. ಕೋಡುಬಳೆ ತಗೊಳ್ಳಿ."

ಅಮ್ಮಣ್ಣಿ ಪೊಟ್ಟಣಗಳೆರಡನ್ನೂ ಬಿಚ್ಚಿ ಮುಂದಿಟ್ಟಳು. "ನನ್ನ ಮೂಗು ಹೋಗಿದೆ. ಇನ್ನು ಮಾಡೋದೋ ಬಿಡೋದೋ ನಿನ್ನ ಕೈಲಿದೆ. ಇವೆರಡರಲ್ಲಿ ಒಂದು ಕಹಿ. ಯಾವುದು ಅಂತ ಹೇಳು, ಸಾಕು."

ಸರಸ್ವತಿ ಒಂದರಿಂದ ಚಿಟಿಕೆ ತೆಗೆದು ನಾಲಿಗೆಗಿಟ್ಟಳು. ನೀರು ಕುಡಿದು ಇನ್ನೊಂದರಿಂದ ತೆಗೆದಳು. ಹಳೆಯ ಪೊಟ್ಟಣದ ಚಿಟಿಕೆಗೆ ಆಕೆಯ ಹುಬ್ಬು ಗಂಟಾಗಿ, ಹಾಗೆಯೇ ಸಡಿಲವಾದದ್ದನ್ನು ಅಮ್ಮಣ್ಣಿ ಕಣ್ಣಾರೆ ಕಂಡಳು. ಇದೋ ಈಗ ಬೈಯುತ್ತಾಳೆ ಎಂದು ಆಸೆಯಿಂದ ಕಾದಳು. ಅಷ್ಟು ಆಸೆಯಿಂದ ಆಕೆ ಯಾವ ಹೊಗಳಿಕೆಗೂ ಕಾದಿರಲಿಲ್ಲ.

"ಎರಡೂ ಚೆನ್ನಾಗಿವೆ" ಎಂದಳು ಸರಸ್ವತಿ, ಸೆರಗಿಗೆ ಬೆರಳೊರೆಸಿಕೊಳ್ಳುತ್ತಾ. "ನಿಮ್ಮ ಕೈ ಅಂದ್ರೆ ಕೇಳ್ಬೇಕೇ? ಕಾರ್ಡ್ ತಂದಿದೀರಾ? ಕೊಡಿ, ಈಗಲೇ ಬರೆದುಕೊಡ್ತೀನಿ."

"ತಂದಿಲ್ಲ" ಎಂದಳು ಅಮ್ಮಣ್ಣಿ.

"ಹಾಗಾದ್ರೆ ಕಳಿಸಿ" ಎಂದು ನಗುತ್ತಾ ಸರಸ್ವತಿ ಎದ್ದಳು. ಹೊರಡುವವರಿಗೆ ಕೊಡಬೇಕಲ್ಲ ಎಂದು ಕುಂಕುಮದ ಬಟ್ಟಲು ತರಲು ಒಳಗೆ ಹೋದಳು.